ನೆಲ ನೋಡಿ ಆರಿಸುವ ಕೋಲು

ಸೇಂಟ್ ಆಂಡ್ರೂಸಿಗೆ ಈಗ ರೈಲಿಲ್ಲ. ಆ ಪಟ್ಟಣದ ನಿಲ್ದಾಣವನ್ನು 1969ರಲ್ಲೇ ಮುಚ್ಚಲಾಯಿತು. ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಿಂದ ಹೊರಟವರು ಫೋರ್ತ್ ಅಳಿವೆಯ ಮೇಲಿನ ಕೆಂಬಣ್ಣದ ಉಕ್ಕಿನ ಸೇತುವೆಯನ್ನು ದಾಟಿ, ಲ್ಯೂಕರ್ಸ್ ಎಂಬ ಚಿಕ್ಕ ನಿಲ್ದಾಣದಲ್ಲಿ ಇಳಿದು, ಉಳಿದ ಹಾದಿಯನ್ನು ಬಸ್ಸಿನಲ್ಲಿ ಕ್ರಮಿಸಬೇಕು. ಬಸ್ಸು ಊರನ್ನು ಸಮೀಪಿಸುತ್ತಿದ್ದಂತೆ ಎಡಗಡೆಗೆ ತಗ್ಗುದಿಣ್ಣೆಗಳ ಹುಲ್ಲುಗಾವಲೊಂದು ಕಾಣತೊಡಗುತ್ತದೆ. ಮರಗಳಿಲ್ಲ, ಹೂವಿನ ಪಾತಿಗಳಿಲ್ಲ. ಮಾಸಲು ಹಸಿರು, ಅಲ್ಲಲ್ಲಿ ಕಂದು, ಅದರಾಚೆ ಬೂದುಬಣ್ಣದ ಉತ್ತರ ಸಮುದ್ರ. ಜಗತ್ತಿನ ಗಾಲ್ಫ್ ಆಟಗಾರರು ಜೀವಮಾನದಲ್ಲಿ ಒಮ್ಮೆಯಾದರೂ ನಡೆಯಬೇಕೆಂದು ಹಂಬಲಿಸುವ ‘ಓಲ್ಡ್ ಕೋರ್ಸ್’ ಇದೇ ಎಂದು ಯಾರಾದರೂ ಹೇಳದಿದ್ದರೆ ಹೊಸಬರಿಗೆ ತಿಳಿಯುವುದೇ ಇಲ್ಲ.

ಊರು ಚಿಕ್ಕದು. ಮೂರು ಬೀದಿಗಳು ಪೂರ್ವದ ತುದಿಯಲ್ಲಿ ಪಾಳುಬಿದ್ದ ಮಹಾ ಇಗರ್ಜಿಯೊಂದರ ಕಡೆಗೆ ಕೂಡುತ್ತವೆ. 1158ರಲ್ಲಿ ಕಟ್ಟಲಾರಂಭಿಸಿದ ಆ ಇಗರ್ಜಿ ಒಂದು ಕಾಲಕ್ಕೆ ಸ್ಕಾಟ್ಲೆಂಡಿನಲ್ಲೇ ಅತಿ ದೊಡ್ಡದಾಗಿತ್ತು. 1413ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಊರಿನ ನಡುವೆಯೇ ಇದೆ. ಯಾತ್ರಿಕರು, ವಿದ್ಯಾರ್ಥಿಗಳು, ಚೆಂಡಾಟದವರು ಎಂಬ ಮೂರು ಬಗೆಯ ಜನರಿಂದ ಬದುಕಿದ ಊರಿದು. ಯಾತ್ರಿಕರ ಕಾಲ ಮುಗಿದುಹೋಯಿತು. ಉಳಿದಿಬ್ಬರು ಈಗಲೂ ಬೀದಿಗಳನ್ನು ಹಂಚಿಕೊಂಡಿದ್ದಾರೆ.

ಆಟದ ನೆಲವನ್ನು ಅಲ್ಲಿಯವರು ‘ಲಿಂಕ್ಸ್’ ಎನ್ನುತ್ತಾರೆ. ಕಡಲಿಗೂ ಉಳುವ ಹೊಲಕ್ಕೂ ನಡುವೆ ಬಿದ್ದಿರುವ ಮರಳುನೆಲ ಅದು. ಕಾಸರಗೋಡಿನ ಕಡಲತಡಿಯ ಓದುಗರಿಗೆ ಇಂಥ ನೆಲ ಅಪರಿಚಿತವೇನಲ್ಲ: ಮಳೆ ಎಷ್ಟು ಸುರಿದರೂ ನೀರು ನಿಲ್ಲುವುದಿಲ್ಲ, ಬೇಸಾಯಕ್ಕೆ ಒಗ್ಗುವುದಿಲ್ಲ, ಹುಲ್ಲು ಗಿಡ್ಡದಾಗಿ ನೆಲಕ್ಕಂಟಿಕೊಂಡು ಬೆಳೆಯುತ್ತದೆ. ಬೇರೆ ಯಾವ ಉಪಯೋಗಕ್ಕೂ ಬಾರದ ಈ ನೆಲ ಊರಿನ ಸಾರ್ವಜನಿಕ ಸ್ವತ್ತಾಗಿತ್ತು. ನಮ್ಮ ಹಳ್ಳಿಗಳ ಗೋಮಾಳಕ್ಕೆ ಇದನ್ನು ಹೋಲಿಸಬಹುದು. ಜನರು ಅಲ್ಲಿ ದನ ಕುರಿ ಮೇಯಿಸಿದರು, ಬಟ್ಟೆ ಒಣಹಾಕಿದರು, ಬಿಲ್ಲುವಿದ್ಯೆ ಕಲಿತರು, ಚೆಂಡನ್ನು ಕೋಲಿನಿಂದ ಹೊಡೆಯುತ್ತ ನಡೆದರು. ಬಿಲ್ಲುಗಾರಿಕೆಯ ಅಭ್ಯಾಸಕ್ಕೆ ಅಡ್ಡಿಯಾಗುತ್ತದೆಂದು 1457ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಗಾಲ್ಫನ್ನು ನಿಷೇಧಿಸಿದ್ದುಂಟು. ಶಾಸನವಿತ್ತು, ಆಟವೂ ನಡೆಯಿತು.

1552ರಲ್ಲಿ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಒಂದು ಸನ್ನದಿನ ಮೂಲಕ ಲಿಂಕ್ಸಿನಲ್ಲಿ ಮೊಲಗಳನ್ನು ಸಾಕುವ ಅಧಿಕಾರವನ್ನು ಪಡೆದನು. ಅದೇ ಪತ್ರ, ಆ ನೆಲದಲ್ಲಿ ಗಾಲ್ಫ್ ಮುಂತಾದ ಆಟಗಳನ್ನು ಆಡುವ ಮತ್ತು ದನ ಮೇಯಿಸುವ ಊರವರ ಹಕ್ಕನ್ನೂ ಒಪ್ಪಿಕೊಂಡಿತು. ಮೊಲಕ್ಕಾಗಿ ಬರೆದ ಪತ್ರದಲ್ಲಿ ಜನರ ಹಕ್ಕು ಹೀಗೆ ಲಿಖಿತವಾಗಿ ಉಳಿದುದು ವಿಶೇಷ. ಎರಡೂವರೆ ಶತಮಾನಗಳ ತರುವಾಯ ಅದರ ಅಗತ್ಯ ಬಿದ್ದಿತು. 18ನೆಯ ಶತಮಾನದ ಕೊನೆಗೆ ಹಣಕಾಸಿನ ಬಿಕ್ಕಟ್ಟಿನಲ್ಲಿದ್ದ ಪಟ್ಟಣಸಭೆ ಲಿಂಕ್ಸನ್ನು ಪರಭಾರೆ ಮಾಡಿತು. ನೆಲ ಮೊಲ ಸಾಕುವ ವ್ಯಾಪಾರಿಗಳ ಕೈಸೇರಿತು. ಆಟದ ಹಾದಿಯ ತುಂಬ ಮೊಲದ ಬಿಲಗಳಾದವು. ಆಟಗಾರರಿಗೂ ಮೊಲದ ಒಡೆಯರಿಗೂ ನ್ಯಾಯಾಲಯದಲ್ಲಿ, ಒಮ್ಮೊಮ್ಮೆ ಬಯಲಿನಲ್ಲಿಯೂ, ಸುಮಾರು 20 ವರ್ಷ ವ್ಯಾಜ್ಯ ನಡೆಯಿತು. 1821ರಲ್ಲಿ ಜೇಮ್ಸ್ ಚೀಪ್ ಎಂಬ ನೆರೆಯ ಜಮೀನುದಾರನು ಆ ನೆಲವನ್ನು ಕೊಂಡು ಆಟಕ್ಕೆ ಉಳಿಸಿಕೊಟ್ಟನು. 1894ರಲ್ಲಿ ಪಾರ್ಲಿಮೆಂಟಿನ ಶಾಸನದ ಬಲದಿಂದ ಅದು ಮತ್ತೆ ಪಟ್ಟಣದ ಪಾಲಾಯಿತು. 1974ರ ಇನ್ನೊಂದು ಶಾಸನ ಅದರ ಆಡಳಿತವನ್ನು ಒಂದು ವಿಶ್ವಸ್ತ ಮಂಡಳಿಗೆ ವಹಿಸಿತು. ಇಂದು ಅಲ್ಲಿರುವ 7 ಮೈದಾನಗಳೂ ಸಾರ್ವಜನಿಕವೇ. ಯಾವ ಕ್ಲಬ್ಬಿನ ಖಾಸಗಿ ಸೊತ್ತೂ ಅಲ್ಲ.

ಅದರ ಕುರುಹುಗಳು ನಡೆದಾಡುವವರ ಕಣ್ಣಿಗೆ ಬೀಳುತ್ತವೆ. ಮೊದಲನೆಯ ಮತ್ತು ಹದಿನೆಂಟನೆಯ ಅಂಕಣಗಳ ವಿಶಾಲ ಹುಲ್ಲುಹಾಸಿಗೆ ಅಡ್ಡಲಾಗಿ ಸಾರ್ವಜನಿಕ ರಸ್ತೆಯೊಂದು ಹಾದುಹೋಗುತ್ತದೆ. ಕಡಲಿಗೆ ಹೊರಟ ಸಂಸಾರಗಳು, ನಾಯಿಯನ್ನು ಹಿಡಿದುಕೊಂಡ ಮುದುಕರು ಆ ದಾರಿಯಲ್ಲಿ ದಾಟುವವರೆಗೆ, ಸಾವಿರಾರು ಮೈಲಿ ದೂರದಿಂದ ಬಂದ ಆಟಗಾರ ಕೋಲು ಹಿಡಿದು ಕಾಯುತ್ತಾನೆ. ವಿಶೇಷ ಪಂದ್ಯಗಳ ದಿನಗಳನ್ನು ಬಿಟ್ಟರೆ ಭಾನುವಾರ ಓಲ್ಡ್ ಕೋರ್ಸಿನಲ್ಲಿ ಆಟವಿಲ್ಲ. ಅಂದು ಅದು ಊರವರ ಅಡ್ಡಾಟಕ್ಕೆ ಮೀಸಲು. ಆಟದ ಸರದಿ ಬಹುಮಟ್ಟಿಗೆ ಎರಡು ದಿನ ಮೊದಲು ಎತ್ತುವ ಚೀಟಿಯಿಂದ ನಿರ್ಧಾರವಾಗುತ್ತದೆ. ಚೀಟಿಯಲ್ಲಿ ಹೆಸರು ಬಂದವನು ಆ ರಾತ್ರಿ ತನ್ನ ಚೀಲವನ್ನು ನೆಲಕ್ಕೆ ಸುರಿದು ಕೋಲುಗಳನ್ನು ಮತ್ತೆ ಎಣಿಸತೊಡಗುತ್ತಾನೆ. ನಿಯಮದ ಪ್ರಕಾರ ಚೀಲದಲ್ಲಿರಬಹುದಾದ ಕೋಲುಗಳು 14. ಆ 14ರಲ್ಲಿ ‘ವೆಜ್’ ಎಂಬ ಜಾತಿಯ ಕೋಲುಗಳು ಎಷ್ಟಿರಬೇಕು, ಯಾವುವಿರಬೇಕು ಎಂಬುದು ಅವನ ನಿದ್ದೆಗೆಡಿಸುವ ಪ್ರಶ್ನೆ.

ಆಟವನ್ನು ಅರಿಯದವರಿಗೆ ಎರಡು ಮಾತು. 18 ಕುಳಿಗಳಿಗೆ ಚೆಂಡನ್ನು ಒಂದೊಂದಾಗಿ ತಲುಪಿಸಬೇಕು. ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದ. ದೂರಕ್ಕೆ ಹೊಡೆಯುವ ಕೋಲಿನ ಮುಖ ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ಕುಳಿಯ ಹತ್ತಿರ ಬಂದಂತೆ ಚೆಂಡನ್ನು ಎತ್ತರಕ್ಕೆ ಎಬ್ಬಿಸಿ ಮೆತ್ತಗೆ ಇಳಿಸಬೇಕಾಗುತ್ತದೆ. ಅದಕ್ಕೆ ಮುಖ ಹಿಂದಕ್ಕೆ ವಾಲಿದ ಕೋಲು ಬೇಕು. ಹೆಚ್ಚು ವಾಲಿದ ಕೋಲುಗಳೇ ವೆಜ್‌ಗಳು. ಅವುಗಳಲ್ಲಿ ಪಿಚಿಂಗ್ ವೆಜ್ ಸುಮಾರು 44ರಿಂದ 48 ಡಿಗ್ರಿ, ಗ್ಯಾಪ್ ವೆಜ್ 50ರಿಂದ 52, ಸ್ಯಾಂಡ್ ವೆಜ್ 54ರಿಂದ 56, ಲಾಬ್ ವೆಜ್ 58ರಿಂದ 60 ಅಥವಾ ಅದಕ್ಕೂ ಮೇಲೆ. ಸಾಮಾನ್ಯ ಆಟಗಾರನ ಕೈಯಲ್ಲಿ ನಾಲ್ಕು ಡಿಗ್ರಿಯ ವ್ಯತ್ಯಾಸಕ್ಕೆ ಚೆಂಡು ಬೀಳುವ ಜಾಗ ಹತ್ತು–ಹನ್ನೆರಡು ಗಜ ಹಿಂದುಮುಂದಾಗುತ್ತದೆ. ಹಳೆಯ ತಲೆಮಾರಿಗೆ ಪಿಚಿಂಗ್, ಸ್ಯಾಂಡ್ ಎಂಬ ಎರಡೇ ಸಾಕಾಗಿದ್ದವು. ಚೆಂಡು ಹೆಚ್ಚು ದೂರ ಹೋಗುವಂತೆ ತೋರಿಸುವ ಆತುರದಲ್ಲಿ ತಯಾರಕರು ಎಲ್ಲ ಕೋಲುಗಳ ಮುಖವನ್ನೂ ಕ್ರಮೇಣ ನೆಟ್ಟಗಾಗಿಸುತ್ತ ಬಂದರು. ಪಿಚಿಂಗ್ ವೆಜ್‌ಗೂ ಸ್ಯಾಂಡ್ ವೆಜ್‌ಗೂ ನಡುವೆ ಕಂದಕ ಬಿತ್ತು. ಆ ಕಂದಕವನ್ನು ತುಂಬಲು ಅವರೇ ಇನ್ನೊಂದು ಕೋಲನ್ನು ಮಾರಿದರು. ವ್ಯಾಪಾರದ ಜಾಣತನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸುಲಭವಾಗಿ ಸಿಗದು.

ಆದರೆ ಅಂಗಡಿಯಲ್ಲಿ ಎಲ್ಲರೂ ಕೇಳುವ ಈ ಡಿಗ್ರಿಗಿಂತ, ಕೆಲವರಷ್ಟೇ ಕೇಳುವ ಇನ್ನೊಂದು ಅಳತೆ ಮುಖ್ಯವಾದುದು. ಅದರ ಹೆಸರು ‘ಬೌನ್ಸ್’. ಕೋಲಿನ ತಲೆಯನ್ನು ನೆಲದ ಮೇಲಿಟ್ಟು ನೋಡಿದರೆ, ಮುಂದಿನ ಅಂಚಿಗಿಂತ ತಳದ ಹಿಂಭಾಗ ಕೊಂಚ ಕೆಳಗಿರುತ್ತದೆ. ಹಾಗೆ ಕೆಳಗಿರುವ ಪ್ರಮಾಣವೇ ಬೌನ್ಸ್. ಅದು 10 ಡಿಗ್ರಿಗೆ ಮೇಲಿದ್ದರೆ ಹೆಚ್ಚು, ನಾಲ್ಕೈದು ಡಿಗ್ರಿಯಾದರೆ ಕಡಿಮೆ. ನೇಗಿಲು ಹಿಡಿದವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಗುಳವನ್ನು ಕೊಂಚ ನೆಟ್ಟಗೆ ಕೂರಿಸಿದರೆ ನೇಗಿಲು ಆಳಕ್ಕಿಳಿಯುತ್ತದೆ. ಮಲಗಿಸಿದರೆ ಮೇಲ್ಮಣ್ಣನ್ನಷ್ಟೇ ಕೆದಕುತ್ತ ಸಾಗುತ್ತದೆ. ವೆಜ್ ಕೂಡ ಹಾಗೆಯೇ. ಸಡಿಲವಾದ ಮರಳಿನಲ್ಲಿ, ಮಳೆಗಾಲದ ಮೆತ್ತನೆಯ ಹುಲ್ಲಿನಲ್ಲಿ ಬೌನ್ಸ್ ಹೆಚ್ಚಿರುವ ಕೋಲು ಹೂತುಹೋಗದೆ ಜಾರಿ ಮೇಲೇಳುತ್ತದೆ. ಅದೇ ಕೋಲನ್ನು ಗಟ್ಟಿ ನೆಲದ ಮೇಲೆ ಬೀಸಿದರೆ ತಳವು ನೆಲಕ್ಕೆ ಬಡಿದು ಪುಟಿಯುತ್ತದೆ. ಅಂಚು ಚೆಂಡಿನ ಹೊಟ್ಟೆಗೆ ತಗಲುತ್ತದೆ. ಚೆಂಡು ಮೇಲೇಳುವ ಬದಲು ಗ್ರೀನನ್ನು ದಾಟಿ ಆಚೆಯ ಪೊದೆಗೆ ನುಗ್ಗುತ್ತದೆ. ಬೇರೆ ದೇಶಗಳ ಸೊಂಪಾದ ಹುಲ್ಲಿನಲ್ಲಿ ಕಲಿತು ಬಂದವನು ಸೇಂಟ್ ಆಂಡ್ರೂಸಿನ ಮೊದಲನೆಯ ಕುಳಿಯಲ್ಲೇ ಈ ಪಾಠವನ್ನು ಕಲಿಯುತ್ತಾನೆ. ಅಲ್ಲಿ ಗ್ರೀನಿಗೆ ಮುಂಚೆಯೇ ಸ್ವಿಲ್ಕನ್ ಎಂಬ ತೊರೆ ಹರಿಯುತ್ತದೆ. ಅರೆಬರೆ ತಗಲಿದ ಚೆಂಡಿಗೆ ಆ ತೊರೆಯೇ ಗತಿ.

ಈ ಕೋಲಿನ ಪೂರ್ವಜನೂ ಇಂಥ ನೆಲದಲ್ಲೇ ಹುಟ್ಟಿದವನು. ಲಿಂಕ್ಸಿನ ಮೇಲೆ ಗಾಡಿಗಳು ಓಡಾಡುತ್ತಿದ್ದ ಕಾಲದಲ್ಲಿ ಚೆಂಡು ಚಕ್ರದ ಜಾಡಿಗೆ ಬಿದ್ದರೆ ಎತ್ತಲೆಂದು, ಕಮ್ಮಾರರು ಪುಟ್ಟ ತಲೆಯ ಕಬ್ಬಿಣದ ಕೋಲೊಂದನ್ನು ಮಾಡಿಕೊಡುತ್ತಿದ್ದರು. ಸೇಂಟ್ ಆಂಡ್ರೂಸಿನವನೇ ಆದ ಕಿರಿಯ ಟಾಮ್ ಮಾರಿಸ್ ಆ ಜಾಡಿನ ಕೋಲಿನಿಂದಲೇ ಚೆಂಡನ್ನು ಎತ್ತರಕ್ಕೆ ಹಾರಿಸಿ ಗ್ರೀನಿನಲ್ಲಿ ನಿಲ್ಲಿಸುತ್ತಿದ್ದನೆಂದು ಪ್ರತೀತಿ. ಓಪನ್ ಚಾಂಪಿಯನ್‌ಷಿಪ್ಪನ್ನು ಅವನು ನಾಲ್ಕು ಬಾರಿ ಗೆದ್ದನು. ಅವನ ತಂದೆ ಹಿರಿಯ ಟಾಮ್ ಮಾರಿಸ್ ಇದೇ ನೆಲದ ಮೇಲ್ವಿಚಾರಕನಾಗಿದ್ದವನು. ಹುಲ್ಲಿನ ಮೇಲೆ ಮತ್ತೆ ಮತ್ತೆ ಮರಳು ಹರಡುವುದೇ ಅವನ ಆರೈಕೆಯ ಗುಟ್ಟು. ನೆಲ ಇಂದಿಗೂ ಗಟ್ಟಿಯಾಗಿರುವುದಕ್ಕೆ ಅವನೂ ಒಬ್ಬ ಕಾರಣಕರ್ತ.

ಇಂದಿನ ಸ್ಯಾಂಡ್ ವೆಜ್ ಮಾತ್ರ ಅಮೆರಿಕದ ಜೀನ್ ಸಾರಜೆನ್‌ನ ಹೆಸರಿಗೆ ಅಂಟಿಕೊಂಡಿದೆ. ಅಲ್ಲಿಯವರೆಗಿನ ಕೋಲುಗಳು ತೆಳ್ಳಗಿದ್ದು ಮರಳಿನಲ್ಲಿ ಹೂತುಹೋಗುತ್ತಿದ್ದವು. ಅವನು ಕೋಲಿನ ತಳಕ್ಕೆ ಸೀಸವನ್ನು ಬೆಸೆದು, ಹಿಂಭಾಗ ಕೆಳಗಿಳಿಯುವಂತೆ ಮಾಡಿದನು. ಏರುವ ವಿಮಾನದ ರೆಕ್ಕೆಯನ್ನು ಕಂಡು ಹೊಳೆದ ಉಪಾಯವಿದು ಎಂದು ಅವನೇ ಹೇಳಿಕೊಂಡಿದ್ದಾನೆ. ಹಿಂದಿನ ವರ್ಷವಷ್ಟೇ ಬೋಗುಣಿಯಂತೆ ಒಳಗುಳಿದ ಮುಖದ ವೆಜ್ ನಿಷೇಧಕ್ಕೊಳಗಾಗಿತ್ತು. ಆದಕಾರಣ 1932ರ ಓಪನ್ ಪಂದ್ಯಕ್ಕೆ ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿಗೆ ಬಂದಾಗ ಅವನು ಹೊಸ ಕೋಲನ್ನು ಚೀಲದಲ್ಲಿ ತಲೆಕೆಳಗಾಗಿ ಬಚ್ಚಿಟ್ಟುಕೊಂಡಿದ್ದನಂತೆ. ಪಂದ್ಯ ಗೆದ್ದ ಮೇಲೆ ಬಚ್ಚಿಡುವ ಅಗತ್ಯ ಉಳಿಯಲಿಲ್ಲ.

14ರ ಮಿತಿ ಬಂದುದು ಅದರ ನಂತರ. ಇಪ್ಪತ್ತಕ್ಕೂ ಹೆಚ್ಚು ಕೋಲುಗಳನ್ನು ಹೊರಿಸಿಕೊಂಡು ನಡೆಯುವ ಆಟಗಾರರಿದ್ದರು. ಹೊರುವ ಕ್ಯಾಡಿಯ ಬೆನ್ನು ಬಾಗುತ್ತಿತ್ತು. ಅಮೆರಿಕದಲ್ಲಿ 1938ರಲ್ಲಿ, ಸೇಂಟ್ ಆಂಡ್ರೂಸಿನ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ಬಿನ ನಿಯಮಾವಳಿಯಲ್ಲಿ 1939ರಲ್ಲಿ ಮಿತಿ ಜಾರಿಗೆ ಬಂತು. ಈ ಕ್ಲಬ್ಬಿನ ಕಲ್ಲಿನ ಕಟ್ಟಡ ಓಲ್ಡ್ ಕೋರ್ಸಿನ ಮೊದಲ ಹೊಡೆತದ ಜಾಗದ ಬೆನ್ನಿಗೇ ಇದೆ. ನಿಯಮದ ಮಾತು ಸರಳ, ದಂಡ ಕಠಿಣ. 2001ರ ಓಪನ್ ಪಂದ್ಯದ ಕೊನೆಯ ದಿನ ಮುಂಚೂಣಿಯಲ್ಲಿದ್ದ ವೇಲ್ಸಿನ ಇಯಾನ್ ವೂಸ್ನಮ್ ಮೊದಲನೆಯ ಕುಳಿಯನ್ನು ಸೊಗಸಾಗಿ ಮುಗಿಸಿ ಎರಡನೆಯದಕ್ಕೆ ನಡೆದಾಗ, ಚೀಲದಲ್ಲಿ 15 ಕೋಲುಗಳಿವೆಯೆಂದು ಅವನ ಕ್ಯಾಡಿಯೇ ತಿಳಿಸಬೇಕಾಯಿತು. ಬಳಸದೆ ಇದ್ದ ಕೋಲಿಗೂ ಎರಡು ಹೊಡೆತಗಳ ದಂಡ. ಉದ್ದೇಶವಿರಲಿಲ್ಲ ಎಂಬ ವಾದಕ್ಕೆ ಈ ನಿಯಮದಲ್ಲಿ ಎಡೆಯಿಲ್ಲ. ವಸ್ತು ಚೀಲದಲ್ಲಿದ್ದರೆ ಮುಗಿಯಿತು. ಕೋಲಿನ ಮುಖದ ಮೇಲಿನ ಗೀರುಗಳ ವಿಷಯದಲ್ಲೂ ಕಾನೂನಿನ ಕಥೆಯೊಂದುಂಟು. ಚೆಂಡಿಗೆ ಅತಿಯಾದ ತಿರುಗು ಕೊಡುವ ಹರಿತ ಗೀರುಗಳನ್ನು 2010ರಿಂದ ವೃತ್ತಿಪಂದ್ಯಗಳಲ್ಲಿ ನಿರ್ಬಂಧಿಸಲಾಯಿತು. ಆದರೆ ಪಿಂಗ್ ಸಂಸ್ಥೆಯೊಂದಿಗೆ 1990ರಲ್ಲಿ ಆಗಿದ್ದ ರಾಜಿಪತ್ರದ ಫಲವಾಗಿ ಅದರ ಒಂದು ಹಳೆಯ ವೆಜ್ ಕ್ರಮಬದ್ಧವಾಗಿಯೇ ಉಳಿಯಿತು. ಫಿಲ್ ಮಿಕೆಲ್ಸನ್ 2010ರ ಆರಂಭದಲ್ಲಿ ಅದನ್ನೇ ಹಿಡಿದು ಆಡಿದಾಗ ದೊಡ್ಡ ಗದ್ದಲವೆದ್ದಿತು. ನೈತಿಕವಾಗಿ ಅದು ಸರಿಯೋ ಎಂಬ ಚರ್ಚೆ ಬೇರೆ. ಬರೆದುಕೊಟ್ಟ ರಾಜಿಪತ್ರವನ್ನು ಓದಿದವರಿಗೆ ಸಂಶಯಕ್ಕೆ ಆಸ್ಪದವಿರಲಿಲ್ಲ.

ಹೀಗಾಗಿ ಚೀಲಕ್ಕೆ ಒಂದು ವೆಜ್ ಒಳಬಂದರೆ ದೂರದ ಕೋಲೊಂದು ಹೊರಹೋಗಲೇಬೇಕು. ನಾಲ್ಕು ವೆಜ್‌ಗಳನ್ನು ಹೊತ್ತವನು ಕುಳಿಯ ಸುತ್ತಲಿನ ಎಲ್ಲ ಸಂಕಟಗಳಿಗೂ ಸಿದ್ಧನಾದಂತೆ ಕಾಣುತ್ತಾನೆ. ಓಲ್ಡ್ ಕೋರ್ಸಿನಲ್ಲಿ ಅದು ಬಹುಪಾಲು ಭ್ರಮೆ. ಇಲ್ಲಿ ಗಾಳಿ ಬಲವಾದದ್ದು. ಎತ್ತರಕ್ಕೆದ್ದ ಚೆಂಡನ್ನು ಅದು ತನಗೆ ಬೇಕಾದಲ್ಲಿ ಇಳಿಸುತ್ತದೆ. ಗ್ರೀನ್‌ಗಳು ಅಗಾಧವಾದವು. ಏಳು ಗ್ರೀನ್‌ಗಳು ಎರಡೆರಡು ಕುಳಿಗಳಿಗೆ ಸೇರಿದವು; ಒಂದೇ ಗ್ರೀನಿನ ಎರಡು ಕುಳಿಗಳ ಸಂಖ್ಯೆಯನ್ನು ಕೂಡಿಸಿದರೆ ಸದಾ 18 ಬರುವುದು ಲೆಕ್ಕಪ್ರಿಯ ಮಕ್ಕಳಿಗೆ ಇಷ್ಟವಾಗುವ ಸಂಗತಿ: ಎರಡು–ಹದಿನಾರು, ಮೂರು–ಹದಿನೈದು, ಹೀಗೆ ಎಂಟು–ಹತ್ತರವರೆಗೆ. ಅಷ್ಟು ವಿಶಾಲವಾದ, ಗಟ್ಟಿಯಾದ ನೆಲದಲ್ಲಿ ಚೆಂಡನ್ನು ಹಾರಿಸುವುದಕ್ಕಿಂತ ಉರುಳಿಸುವುದೇ ಕ್ಷೇಮ. ಏಳನೆಯ ಅಥವಾ ಎಂಟನೆಯ ಸಂಖ್ಯೆಯ ಕಬ್ಬಿಣದ ಕೋಲಿನಿಂದ ಮೆಲ್ಲಗೆ ತಳ್ಳಿ, ತಗ್ಗುದಿಣ್ಣೆಗಳ ಮೇಲೆ ಓಡಲು ಬಿಡುವುದು ಊರಿನ ಹಳಬರ ಪದ್ಧತಿ.

ವೆಜ್ ಬೇಕೇಬೇಕಾಗುವುದು ಬಂಕರ್‌ಗಳಲ್ಲಿ. ಇಲ್ಲಿ 112 ಬಂಕರ್‌ಗಳಿವೆಯೆಂದು ಎಣಿಸಿದ್ದಾರೆ. ಗಾಳಿಯಿಂದ ಮರೆಯಾಗಲು ಕುರಿಗಳು ಒರಗಿ ಒರಗಿ ಆದ ಗುಂಡಿಗಳೇ ಇವುಗಳ ಮೂಲವೆಂಬುದು ಸ್ಥಳೀಯರ ನಂಬಿಕೆ. ಹುಲ್ಲಿನ ಹೆಂಟೆಗಳನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಪೇರಿಸಿ ಕಟ್ಟಿದ ಕಡಿದಾದ ಗೋಡೆ ಅವುಗಳ ಲಕ್ಷಣ. ಹದಿನಾಲ್ಕನೆಯ ಕುಳಿಯ ದಾರಿಯಲ್ಲಿರುವ ‘ಹೆಲ್’ ಬಂಕರ್, ಅಂದರೆ ನರಕ, ಸುಮಾರು ಹತ್ತಡಿ ಆಳದ್ದೆನ್ನುತ್ತಾರೆ. 1995ರಲ್ಲಿ ಜ್ಯಾಕ್ ನಿಕ್ಲಾಸ್‌ನಂಥ ಮಹಾನ್ ಆಟಗಾರ ಅದರಿಂದ ಹೊರಬರಲು ನಾಲ್ಕು ಹೊಡೆತಗಳನ್ನು ವ್ಯಯಿಸಿ, ಆ ಒಂದು ಕುಳಿಗೆ ಒಟ್ಟು ಹತ್ತು ಹೊಡೆತಗಳನ್ನು ಬರೆಸಿಕೊಂಡನು. ಇಂಥ ಗೋಡೆಯನ್ನು ದಾಟಿಸಲು 58 ಅಥವಾ 60 ಡಿಗ್ರಿಯ ಕೋಲೇ ಬೇಕು. ಆದರೆ ಮರಳಿಗೆ ಬೌನ್ಸ್ ಹೆಚ್ಚಿರಲಿ ಎಂದು ಆರಿಸಿದರೆ ಹೊರಗಿನ ಗಟ್ಟಿ ನೆಲದಲ್ಲಿ ಅದೇ ಕೋಲು ಶತ್ರುವಾಗುತ್ತದೆ. ಈ ಇಕ್ಕಟ್ಟಿಗೆ ಪೂರ್ಣ ಪರಿಹಾರವಿಲ್ಲ. ಸಾಮಾನ್ಯ ಆಟಗಾರನಿಗೆ ಮೂರು ವೆಜ್‌ಗಳು ಸಾಕು: ಕೋಲುಗಳ ಜೊತೆಗೇ ಬಂದ ಪಿಚಿಂಗ್ ವೆಜ್, 52ರ ಆಸುಪಾಸಿನದೊಂದು, ಬೌನ್ಸ್ ಕಡಿಮೆಯಿರುವ 58ರದೊಂದು. ಬಂಕರಿನಲ್ಲಿ ಆ ಕೋಲಿನ ಮುಖವನ್ನು ಇನ್ನಷ್ಟು ತೆರೆದು ಹಿಡಿದರೆ ತಳದ ಹಿಂಭಾಗ ತಾನಾಗಿ ಕೆಳಗಿಳಿದು ಬೌನ್ಸ್ ಹೆಚ್ಚುತ್ತದೆ. ಇಲ್ಲದ ಕೋಲಿನ ಕೆಲಸವನ್ನು ಕೈಯೇ ಮಾಡುತ್ತದೆ. ಉಳಿದ ಜಾಗದಲ್ಲಿ ಗಾಳಿಯಡಿಯಲ್ಲಿ ತಗ್ಗಾಗಿ ಹೋಗುವ ಉದ್ದನೆಯ ಕೋಲೊಂದಿರಲಿ. ಹೊಡೆತ ಅಸಾಧ್ಯವೆನಿಸಿದರೆ ಹಿಂದಕ್ಕೋ ಪಕ್ಕಕ್ಕೋ ಆಡಬಹುದು. 2019ರ ನಿಯಮದಂತೆ ಎರಡು ಹೊಡೆತಗಳ ದಂಡ ತೆತ್ತು ಚೆಂಡನ್ನು ಬಂಕರಿನ ಹೊರಗೇ ಇಟ್ಟುಕೊಳ್ಳಬಹುದು. ಪೌರುಷ ತೋರಲು ಹೋಗಿ ಅಲ್ಲೇ ಅಗೆಯುತ್ತ ನಿಲ್ಲುವವರೇ ಹೆಚ್ಚು.

ಎಲ್ಲ ಲೆಕ್ಕಾಚಾರಗಳೂ ಕೊನೆಗೆ ಹದಿನೇಳನೆಯ ಕುಳಿಯಲ್ಲಿ ಪರೀಕ್ಷೆಗೊಳಗಾಗುತ್ತವೆ. ಅದಕ್ಕೆ ‘ರೋಡ್ ಹೋಲ್’ ಎಂದು ಹೆಸರು. ಮೊದಲ ಹೊಡೆತವನ್ನು, ಹಿಂದೆ ರೈಲ್ವೆಯ ಕೊಟ್ಟಿಗೆಗಳಿದ್ದ ಜಾಗದಲ್ಲಿ ಅದೇ ಆಕಾರದಲ್ಲಿ ಕಟ್ಟಿದ ಗೋಡೆಗಳ ಮೇಲಿಂದ ಹಾರಿಸಬೇಕು. ಗ್ರೀನ್ ಉದ್ದಕ್ಕೆ ಓರೆಯಾಗಿ ಮಲಗಿದೆ. ಮುಂದೆ ಎಡಕ್ಕೆ ಚಿಕ್ಕದಾದರೂ ಆಳವಾದ ಬಂಕರ್; ಹಿಂದೆ ಡಾಂಬರು ರಸ್ತೆ, ಅದಕ್ಕೂ ಹಿಂದೆ ಹಳೆಯ ಕಲ್ಲಿನ ಗೋಡೆ. ರಸ್ತೆಯೂ ಆಟದ ನೆಲವೇ; ಚೆಂಡು ಡಾಂಬರಿನ ಮೇಲೆ ನಿಂತರೆ ಅಲ್ಲಿಂದಲೇ ಹೊಡೆಯಬೇಕು. ಡಾಂಬರಿಗೆ ಯಾವ ಬೌನ್ಸು!

1978ರ ಓಪನ್ ಪಂದ್ಯದ ಮೂರನೆಯ ದಿನ ಜಪಾನಿನ ಟಾಮಿ ನಾಕಾಜಿಮಾ ಎರಡೇ ಹೊಡೆತಗಳಲ್ಲಿ ಈ ಗ್ರೀನ್ ತಲುಪಿದನು. ಬಳಿಕ ಅವನು ಉರುಳಿಸಿದ ಚೆಂಡು ಇಳಿಜಾರಿನಲ್ಲಿ ತಿರುಗಿ ಬಂಕರಿಗೆ ಬಿತ್ತು. ಹೊರಬರಲು ನಾಲ್ಕು ಹೊಡೆತ, ಒಟ್ಟು ಒಂಬತ್ತು. 2000ದ ಕೊನೆಯ ದಿನ ಡೇವಿಡ್ ಡುವಾಲ್ ಕೂಡ ಅದೇ ಗುಂಡಿಯಲ್ಲಿ ನಾಲ್ಕು ಬಾರಿ ಬೀಸಿ ಎಂಟು ಹೊಡೆತಗಳನ್ನು ಬರೆಸಿಕೊಂಡನು. ಅದೇ ಪಂದ್ಯದಲ್ಲಿ ಟೈಗರ್ ವುಡ್ಸ್ ನಾಲ್ಕೂ ದಿನ 112ರಲ್ಲಿ ಒಂದು ಬಂಕರಿಗೂ ಬೀಳದೆ ಎಂಟು ಹೊಡೆತಗಳ ಅಂತರದಿಂದ ಗೆದ್ದನು. ಅತ್ಯುತ್ತಮ ಸ್ಯಾಂಡ್ ವೆಜ್ ಅವನ ಚೀಲದಲ್ಲಿಯೂ ಇತ್ತು; ಓಲ್ಡ್ ಕೋರ್ಸಿನ ಮರಳನ್ನು ಅದು ಆ ನಾಲ್ಕು ದಿನ ಕಾಣಲೇ ಇಲ್ಲ.

2022ರಲ್ಲಿ ಆಸ್ಟ್ರೇಲಿಯದ ಕ್ಯಾಮರನ್ ಸ್ಮಿತ್ ಕೊನೆಯ ದಿನ ಮುನ್ನಡೆ ಕಾಯ್ದುಕೊಂಡು ಇಲ್ಲಿಗೆ ಬಂದಾಗ ಅವನ ಎರಡನೆಯ ಹೊಡೆತ ಗ್ರೀನಿಗೆ ಮುಂಚೆಯೇ ನಿಂತಿತು. ಚೆಂಡಿಗೂ ಕುಳಿಗೂ ನಡುವೆ ಸರಿಯಾಗಿ ಆ ಬಂಕರ್. ವೆಜ್ ಹಿಡಿದು ಎತ್ತಿ ಹಾರಿಸುವುದೊಂದು ದಾರಿ. ನೆಲ ಗಟ್ಟಿ, ಹುಲ್ಲು ತೆಳು, ಹಿಂದೆ ರಸ್ತೆ. ಅವನು ಕೈಗೆತ್ತಿಕೊಂಡದ್ದು ಪಟ್ಟರ್, ಗ್ರೀನಿನ ಮೇಲೆ ಚೆಂಡನ್ನು ಉರುಳಿಸುವ ಸರಳ ಕೋಲು. ಬಂಕರನ್ನು ಬಳಸಿಕೊಂಡು, ದಿಣ್ಣೆಯನ್ನು ಏರಿ ಇಳಿಯುವಂತೆ ಚೆಂಡನ್ನು ದೂರದಿಂದಲೇ ಉರುಳಿಸಿದನು. ಅದು ಸುಮಾರು ಹತ್ತಡಿಯ ಅಂತರದಲ್ಲಿ ನಿಂತಿತು. ಮುಂದಿನ ಹೊಡೆತದಲ್ಲಿ ಕುಳಿ ಸೇರಿತು. ಪಂದ್ಯವನ್ನು ಅವನು ಗೆದ್ದದ್ದು ಒಂದೇ ಒಂದು ಹೊಡೆತದ ಅಂತರದಿಂದ.

ಪಟ್ಟರಿನ ಮಹಿಮೆಯನ್ನು ಕನ್ನಡಿಗರೂ ಕಂಡಿದ್ದಾರೆ. 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನ ಪಡೆದಾಗ, ದೂರ ಹೊಡೆಯುವುದರಲ್ಲಿ ಆಕೆ ಎದುರಾಳಿಗಳಿಗಿಂತ ಹಿಂದಿದ್ದರು. ಕುಳಿಯ ಬಳಿಯ ಚಿಕ್ಕ ಹೊಡೆತಗಳೂ ಪಟ್ಟರೂ ಅವರನ್ನು ಕೊನೆಯ ಕುಳಿಯವರೆಗೆ ಪದಕದ ಸ್ಪರ್ಧೆಯಲ್ಲಿ ಉಳಿಸಿದವು. ಅಲ್ಲಿ ಅವರ 14 ಕೋಲುಗಳ ಚೀಲವನ್ನು ಹೊತ್ತು ನಡೆದವರು ಅವರ ತಾಯಿ.

ಓಲ್ಡ್ ಕೋರ್ಸಿನ ಪಕ್ಕದಲ್ಲೇ, ಕಡಲಿನ ಕಡೆಗೆ, ಪ್ರವಾಸಿಗಳು ಬಹುಪಾಲು ಗಮನಿಸದೆ ದಾಟಿಹೋಗುವ ಇನ್ನೊಂದು ಅಂಗಳವಿದೆ. ತಗ್ಗುದಿಣ್ಣೆಗಳ ದೆಸೆಯಿಂದ ಜನರು ಅದನ್ನು ‘ಹಿಮಾಲಯ’ವೆಂದು ಕರೆಯುತ್ತಾರೆ. ದೊಡ್ಡ ಮೈದಾನದಲ್ಲಿ ಹೆಂಗಸರು ಕೋಲು ಬೀಸುವುದು ಶೋಭೆಯಲ್ಲವೆಂಬ ಕಾಲದಲ್ಲಿ, 1867ರಲ್ಲಿ, ಊರಿನ ಹೆಂಗಸರು ತಮ್ಮದೇ ಸಂಘ ಕಟ್ಟಿಕೊಂಡು ಇಲ್ಲಿ ಆಡತೊಡಗಿದರು. ಆ ಸಂಘ ಈಗಲೂ ನಡೆಯುತ್ತಿದೆ. ಯಾರು ಬೇಕಾದರೂ ಅಲ್ಪ ಶುಲ್ಕ ಕೊಟ್ಟು ಆಡಬಹುದು. ಚೀಟಿಯಲ್ಲಿ ಹೆಸರು ಬಾರದ ದೊಡ್ಡ ಆಟಗಾರರೂ, ಶಾಲೆ ಬಿಟ್ಟ ಮಕ್ಕಳೂ ಸಂಜೆ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಒಬ್ಬೊಬ್ಬರ ಕೈಗೂ ಒಂದು ಚೆಂಡು, ಒಂದು ಪಟ್ಟರ್.